ಆಲ್ಫಾ-ಬೀಟಾ ಹಿಂದಿನ ಹೆಸರು: ಎಡಿತ್ ಕ್ಲಾರ್ಕ್

ರಾಜ್ಯೋತ್ಸವದ ಪ್ರದರ್ಶನದಲ್ಲಿ ನಮ್ಮ ಕ್ಲಬ್ ಹಾಕಿದ್ದ ಇನ್ವರ್ಟರ್ ಪೋಸ್ಟರ್ ನೀವು ನೋಡಿರಬಹುದು. ಅದರ ಎಡಗಡೆ ಮೂಲೆಯಲ್ಲಿ ಕೋಟು ಹಾಕಿದ, ದಪ್ಪ ಮೀಸೆಯ ಯಜಮಾನರೊಬ್ಬರ ಚಿತ್ರ ಇತ್ತು. ಕ್ಲಾರ್ಕ್ ಎಂಬ ವಿಜ್ಞಾನಿ ಈ ಪರಿವರ್ತನೆಯನ್ನು ಕೊಟ್ಟರು ಅಂತ ಕೆಳಗೆ ಬರೆದಿದ್ವಿ. ವಾಕ್ಯದಲ್ಲಿ ತಪ್ಪಿರಲಿಲ್ಲ. ಕನ್ನಡದಲ್ಲಿ ಮರ್ಯಾದೆಗೆ ಕೊಟ್ಟರು ಅಂತ ಬರೆದರೆ ಗಂಡೋ ಹೆಣ್ಣೋ ಗೊತ್ತಾಗೋದೇ ಇಲ್ಲ. ತಪ್ಪು ಇದ್ದದ್ದು ಮೀಸೆಯಲ್ಲಿ.

ಆ ಪೋಸ್ಟರ್ ಮಾಡಿದ್ದು ನಾವು ನಾಲ್ಕು ಜನ. ಎರಡನೇ ವರ್ಷದವರು, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಚಿತ್ರ ಬರೆಯುವಾಗ ನಾಲ್ವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ನೋಡಲು ಬಂದ ಮೇಷ್ಟ್ರುಗಳು, ಸೀನಿಯರ್‌ಗಳು ಯಾರೂ ಕೇಳಲಿಲ್ಲ. ಹಳೇ ಕಾಲದ ಇಂಜಿನಿಯರ್ ಅಂದ್ರೆ ಮೀಸೆ ಇರಲೇಬೇಕು ಅಂತ ಎಲ್ಲರ ತಲೆಯಲ್ಲೂ ಇತ್ತು ಅಂತ ಕಾಣುತ್ತೆ. ಈ ಲೇಖನ ಆ ಪೋಸ್ಟರ್‌ಗೆ ನಾವು ಕೊಡ್ತಿರೋ ತಿದ್ದುಪಡಿ.

ತಪ್ಪು ಗೊತ್ತಾಗಿದ್ದು ಹೇಗೆ ಅಂತ ಮೊದಲು ಹೇಳ್ತೀವಿ. ಫೈನಲ್ ಇಯರ್ ಸೀನಿಯರ್‌ಗಳ ಪ್ರಾಜೆಕ್ಟ್‌ಗೆ ನಾವು ಕೈಜೋಡಿಸಿದ್ವಿ. ಕೈಜೋಡಿಸಿದ್ವಿ ಅಂದ್ರೆ ವೈರ್ ಕತ್ತರಿಸೋದು, ಟೀ ತರೋದು, ಮಧ್ಯೆ ಮಧ್ಯೆ ಕೋಡ್ ಓದೋದು. ಪ್ರಾಜೆಕ್ಟ್ ಏನು ಅಂದ್ರೆ, ತ್ರೀ ಫೇಸ್ ಇನ್ವರ್ಟರ್‌ಗೆ ಪ್ರಿಡಿಕ್ಟಿವ್ ಕಂಟ್ರೋಲ್, ಅಂದ್ರೆ ಮುನ್ಸೂಚನೆಯ ನಿಯಂತ್ರಣ. ಚೌಕಾಬಾರ ಆಡುವಾಗ ಯಾವ ಕಾಯಿ ನಡೆಸಿದ್ರೆ ಏನಾಗುತ್ತೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ, ಆಮೇಲೆ ಒಂದು ಕಾಯಿ ಮುಟ್ತೀವಲ್ಲ, ಹಾಗೇ ಇದು. ಇನ್ವರ್ಟರ್‌ನ ಸ್ವಿಚ್‌ಗಳನ್ನ ಯಾವ ಯಾವ ರೀತಿ ಹಾಕಬಹುದೋ ಅಷ್ಟನ್ನೂ ಪ್ರೊಸೆಸರ್ ಲೆಕ್ಕದಲ್ಲೇ ಪ್ರಯತ್ನಿಸಿ ನೋಡುತ್ತೆ. ನಮಗೆ ಬೇಕಾದ ಕರೆಂಟ್‌ಗೆ ಯಾವುದು ಹತ್ತಿರ ತರುತ್ತೋ ಅದನ್ನ ಮಾತ್ರ ನಿಜವಾಗಿ ಹಾಕುತ್ತೆ.

ಕೋಡ್‌ನಲ್ಲಿ ಕ್ಲಾರ್ಕ್ ಅನ್ನೋ ಹೆಸರಿನ ಒಂದು ಫಂಕ್ಷನ್ ಇತ್ತು. ಮೂರು ಫೇಸ್‌ನ ಕರೆಂಟ್ ಒಳಗೆ ಕೊಟ್ಟರೆ ಆಲ್ಫಾ, ಬೀಟಾ ಅಂತ ಎರಡು ಸಂಖ್ಯೆ ಹೊರಗೆ ಬರುತ್ತೆ. ನಾವು 5 ಆಂಪಿಯರ್ ಕೇಳಿದ್ರೆ ಸ್ಕೋಪ್‌ನಲ್ಲಿ ಸುಮಾರು 4.1 ಬರ್ತಿತ್ತು. ಮೂರು ಸಂಜೆ ಹೋಯ್ತು. ಸೆನ್ಸರ್ ಬದಲಾಯಿಸಿದ್ವಿ, ಪ್ರೋಬ್ ಬದಲಾಯಿಸಿದ್ವಿ, ದೇವರಿಗೂ ಕೈ ಮುಗಿದ್ವಿ. ಕೊನೆಗೆ ನೋಡಿದ್ರೆ ಆ ಫಂಕ್ಷನ್ ಬರೆಯೋಕೆ ಎರಡು ಪದ್ಧತಿ ಇವೆ. ಒಂದರಲ್ಲಿ ಮುಂದೆ 2/3 ಗುಣಿಸ್ತಾರೆ, ಇನ್ನೊಂದರಲ್ಲಿ 2/3ರ ವರ್ಗಮೂಲ. ನಾವು ರೆಫರೆನ್ಸ್‌ಗೆ ಒಂದು, ಅಳತೆಗೆ ಇನ್ನೊಂದು ಹಾಕಿದ್ವಿ. ಎರಡರ ನಡುವೆ 1.22 ಪಟ್ಟು ವ್ಯತ್ಯಾಸ. 5ನ್ನು 1.22ರಿಂದ ಭಾಗಿಸಿದ್ರೆ ಅದೇ 4.1. ಈ ಕ್ಲಾರ್ಕ್ ಅನ್ನೋ ಮಹಾನುಭಾವ ಅಸಲಿಗೆ ಏನು ಬರೆದಿದ್ದ ಅಂತ ಬೈಕೊಂಡು ಹುಡುಕಿದಾಗ ಸಿಕ್ಕಿದ್ದು ಮಹಾನುಭಾವ ಅಲ್ಲ, ಎಡಿತ್ ಕ್ಲಾರ್ಕ್ ಅನ್ನೋ ಹೆಣ್ಣುಮಗಳು. ಇನ್ಮುಂದಿನದು ಅವರ ಕಥೆ.

ಹೊಲದ ಮನೆಯಿಂದ ಕಾಲೇಜಿಗೆ

ಎಡಿತ್ ಹುಟ್ಟಿದ್ದು 1883ರ ಫೆಬ್ರವರಿ 10ರಂದು, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹಳ್ಳಿಗಾಡಿನಲ್ಲಿ. ಮನೆಯಲ್ಲಿ ಒಂಬತ್ತು ಮಕ್ಕಳು. ಹನ್ನೆರಡು ವರ್ಷ ಆಗೋ ಹೊತ್ತಿಗೆ ಅಪ್ಪನೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಅಕ್ಕ ಸಾಕಿದಳು. ದೊಡ್ಡವಳಾದ ಮೇಲೆ ತಂದೆ-ತಾಯಿ ಬಿಟ್ಟುಹೋದ ಆಸ್ತಿಯಲ್ಲಿ ತನ್ನ ಪಾಲಿನ ಹಣ ಕೈಗೆ ಬಂತು. ಆ ಹಣದಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜ್ ಸೇರಿದರು. ಆಗ ಅದು ಹೆಣ್ಣುಮಕ್ಕಳ ಕಾಲೇಜು. ಓದಿದ್ದು ಗಣಿತ ಮತ್ತು ಖಗೋಳಶಾಸ್ತ್ರ. 1908ರಲ್ಲಿ ಡಿಗ್ರಿ ಮುಗೀತು.

ಗಣಿತ ಓದಿದ ಹುಡುಗಿಗೆ ಆ ಕಾಲದಲ್ಲಿ ಸುಲಭವಾಗಿ ಸಿಗ್ತಿದ್ದ ಕೆಲಸ ಒಂದೇ, ಟೀಚರ್. ಎಡಿತ್ ಕೂಡ ಅದನ್ನೇ ಮಾಡಿದರು. ಮೊದಲು ಸ್ಯಾನ್ ಫ್ರಾನ್ಸಿಸ್ಕೋದ ಹುಡುಗಿಯರ ಶಾಲೆಯಲ್ಲಿ, ಆಮೇಲೆ ವೆಸ್ಟ್ ವರ್ಜೀನಿಯಾದ ಮಾರ್ಷಲ್ ಕಾಲೇಜಿನಲ್ಲಿ ಗಣಿತ, ಫಿಸಿಕ್ಸ್ ಪಾಠ. ಆದ್ರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1911ರಲ್ಲಿ, 28ನೇ ವಯಸ್ಸಿನಲ್ಲಿ, ಕೈಲಿದ್ದ ಕೆಲಸ ಬಿಟ್ಟು ವಿಸ್ಕಾನ್ಸಿನ್ ಯೂನಿವರ್ಸಿಟಿಯಲ್ಲಿ ಸಿವಿಲ್ ಇಂಜಿನಿಯರಿಂಗ್‌ಗೆ ಸೇರಿದರು. ಒಂದು ಸೆಮಿಸ್ಟರ್ ಹಿಂದೆ ಬಿದ್ದರೇ ಲೈಫ್ ಮುಗೀತು ಅಂತ ಹಾಸ್ಟೆಲ್‌ನಲ್ಲಿ ಮುಖ ಸಪ್ಪೆ ಮಾಡ್ಕೊಂಡು ಕೂರೋ ನಮಗೆ ಇದನ್ನ ಓದಿ ಸ್ವಲ್ಪ ಧೈರ್ಯ ಬಂತು.

ಮನುಷ್ಯರೇ ಕಂಪ್ಯೂಟರ್ ಆಗಿದ್ದ ಕಾಲ

ಒಂದು ವರ್ಷ ಓದಿ, 1912ರ ಬೇಸಿಗೆ ರಜೆಯಲ್ಲಿ ಎಡಿತ್ ನ್ಯೂಯಾರ್ಕ್‌ನಲ್ಲಿ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಗೆ ಕೆಲಸಕ್ಕೆ ಹೋದರು. ಅವರ ಹುದ್ದೆಯ ಹೆಸರು ಕಂಪ್ಯೂಟರ್. ಆಗ ಕಂಪ್ಯೂಟರ್ ಅಂದ್ರೆ ಮೆಷಿನ್ ಅಲ್ಲ, ಲೆಕ್ಕ ಮಾಡೋ ಮನುಷ್ಯರು. ಇಂಜಿನಿಯರ್ ಸಮೀಕರಣ ಬರೆದು ಕೊಡ್ತಾನೆ, ಕಂಪ್ಯೂಟರ್‌ಗಳು ಸ್ಲೈಡ್ ರೂಲ್, ಟೇಬಲ್ ಹಿಡ್ಕೊಂಡು ದಿನಗಟ್ಟಲೆ ಕೂತು ಉತ್ತರ ತೆಗೀತಾರೆ.

ಎಡಿತ್ ಲೆಕ್ಕ ಮಾಡಿಕೊಟ್ಟಿದ್ದು ಜಾರ್ಜ್ ಕ್ಯಾಂಬೆಲ್ ಅವರಿಗೆ. ದೂರದ ಟೆಲಿಫೋನ್ ಲೈನಿನಲ್ಲಿ ಸಿಗ್ನಲ್ ಹೇಗೆ ಕ್ಷೀಣಿಸುತ್ತೆ ಅನ್ನೋದನ್ನ ಗಣಿತದಿಂದ ಬಿಡಿಸ್ತಿದ್ದ ದೊಡ್ಡ ತಜ್ಞ ಅವರು. ಕೆಲಸ ಎಷ್ಟು ಹಿಡಿಸಿತು ಅಂದ್ರೆ ರಜೆ ಮುಗಿದ ಮೇಲೂ ಎಡಿತ್ ವಿಸ್ಕಾನ್ಸಿನ್‌ಗೆ ವಾಪಸ್ ಹೋಗಲಿಲ್ಲ. ಅಲ್ಲೇ ಉಳಿದು, ಮುಂದೆ ಹೆಣ್ಣುಮಕ್ಕಳ ಕಂಪ್ಯೂಟರ್ ತಂಡವನ್ನೇ ನಡೆಸಿದರು. ಹಗಲು ಆಫೀಸು, ರಾತ್ರಿ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಕ್ಲಾಸು.

1918ರಲ್ಲಿ ಕೆಲಸ ಬಿಟ್ಟು ಎಂಐಟಿ ಸೇರಿದರು. 1919ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಪದವಿ ಬಂತು. ಎಂಐಟಿಯಿಂದ ಆ ಪದವಿ ಪಡೆದ ಮೊದಲ ಮಹಿಳೆ ಅವರು. ಇಷ್ಟು ಓದಿದ ಮೇಲೆ ಯಾವ ಕಂಪನಿಯಾದ್ರೂ ಕರೆದು ಕೂರಿಸ್ಕೊಳ್ಳುತ್ತೆ ಅಂತ ನಾವು ಅಂದ್ಕೊಂಡ್ವಿ. ಹಾಗಾಗಲಿಲ್ಲ. ಇಂಜಿನಿಯರ್ ಅನ್ನೋ ಹುದ್ದೆ ಹೆಣ್ಣಿಗೆ ಕೊಡೋಕೆ ಯಾರೂ ತಯಾರಿರಲಿಲ್ಲ. ಕೊನೆಗೆ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿ ಒಂದು ಕೆಲಸ ಕೊಟ್ಟಿತು. ಏನು ಕೆಲಸ? ಮತ್ತೆ ಕಂಪ್ಯೂಟರ್‌ಗಳ ಮೇಲ್ವಿಚಾರಕಿ! ಟರ್ಬೈನ್ ರೋಟರ್ ಮೇಲೆ ಬೀಳೋ ಒತ್ತಡದ ಲೆಕ್ಕ ಮಾಡಿಸೋದು. ಎಲೆಕ್ಟ್ರಿಕಲ್‌ನಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಮೆಕ್ಯಾನಿಕಲ್ ಲೆಕ್ಕ, ಅದೂ ಇಂಜಿನಿಯರ್ ಅನ್ನೋ ಹೆಸರಿಲ್ಲದೆ.

ಕಾಗದದ ಕ್ಯಾಲ್ಕ್ಯುಲೇಟರ್

ಸುಮ್ಮನೆ ಕೂರೋ ಸ್ವಭಾವ ಅವರದಲ್ಲ. ದೂರದ ಪವರ್ ಲೈನಿನ ಲೆಕ್ಕವನ್ನ ಹಗುರ ಮಾಡೋ ಒಂದು ಸಾಧನ ಅವರ ತಲೆಯಲ್ಲಿತ್ತು.

ನಾಲ್ಕನೇ ಸೆಮ್‌ನಲ್ಲಿ ಟ್ರಾನ್ಸ್‌ಮಿಷನ್ ಓದ್ತಿರೋರಿಗೆ ಸಮಸ್ಯೆ ಗೊತ್ತು. ಲೈನ್ ಚಿಕ್ಕದಾದ್ರೆ ಒಂದು ರೆಸಿಸ್ಟೆನ್ಸ್, ಒಂದು ಇಂಡಕ್ಟೆನ್ಸ್ ಅಂತ ಮುಗಿಸಬಹುದು. ಲೈನ್ ಉದ್ದ ಆದಂತೆ ಲೈನಿನ ಉದ್ದಕ್ಕೂ ಹರಡಿರೋ ಕೆಪಾಸಿಟೆನ್ಸ್ ಕೂಡ ಲೆಕ್ಕಕ್ಕೆ ಬರುತ್ತೆ, ಆಗ ಹೈಪರ್‌ಬಾಲಿಕ್ ಫಂಕ್ಷನ್‌ಗಳು ನುಗ್ಗುತ್ತವೆ. ಅದೂ ಕಾಂಪ್ಲೆಕ್ಸ್ ಸಂಖ್ಯೆಗಳ ಹೈಪರ್‌ಬಾಲಿಕ್ ಫಂಕ್ಷನ್. ನಮ್ಮ ಕ್ಯಾಲ್ಕ್ಯುಲೇಟರ್‌ನಲ್ಲೂ ಎರಡು ಸಲ ತಪ್ಪು ಬರುತ್ತೆ. ಅವರು ಕೈಯಲ್ಲಿ ಮಾಡಬೇಕಿತ್ತು. ಉದ್ದದ ಲೈನ್ ಆಗ ಎಲ್ಲ ಕಡೆ ಏಳ್ತಾ ಇದ್ವು. ನಮ್ಮಲ್ಲೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 140 ಕಿಲೋಮೀಟರ್‌ಗೂ ಹೆಚ್ಚು ದೂರ ಕರೆಂಟ್ ಹೋಯ್ತಲ್ಲ, ಅದರ ಜನರೇಟರ್‌ಗಳನ್ನ ಕೊಟ್ಟಿದ್ದೂ ಇದೇ ಜನರಲ್ ಎಲೆಕ್ಟ್ರಿಕ್.

ಎಡಿತ್ ಮಾಡಿದ್ದು ಗ್ರಾಫ್ ಮೇಲೆ ಕೆಲಸ ಮಾಡೋ ಒಂದು ಸರಳ ಸಾಧನ. ಲೈನಿನ ಅಳತೆಗಳನ್ನ ಹಿಡಿದು ಅದರಲ್ಲಿ ಸರಿಯಾದ ಜಾಗ ಹುಡುಕಿದ್ರೆ ವೋಲ್ಟೇಜು, ಕರೆಂಟು ಓದಿಕೊಳ್ಳಬಹುದು. ಹಳೇ ವಿಧಾನಕ್ಕಿಂತ ಸುಮಾರು ಹತ್ತು ಪಟ್ಟು ಬೇಗ ಉತ್ತರ ಬರ್ತಿತ್ತು. 1921ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1925ರಲ್ಲಿ ಪೇಟೆಂಟ್ ಬಂತು. ಇಂಜಿನಿಯರ್ ಅಂತ ಕಂಪನಿ ಒಪ್ಪದಿದ್ದಾಗಲೇ ಇಂಜಿನಿಯರ್‌ಗಳಿಗೆ ಬೇಕಾದ ಸಾಧನಕ್ಕೆ ಅರ್ಜಿ ಹಾಕಿದ್ದರು ಅನ್ನೋದು ಗಮನಿಸಬೇಕಾದ ವಿಷಯ.

ಅದೇ 1921ರಲ್ಲಿ ಅವರು ಜನರಲ್ ಎಲೆಕ್ಟ್ರಿಕ್ ಬಿಟ್ಟರು. ಜಗಳ ಆಡಲಿಲ್ಲ, ಬೇಡ್ಕೊಳ್ಳಲೂ ಇಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದ್ರೆ ಇವತ್ತಿನ ಇಸ್ತಾಂಬುಲ್‌ನಲ್ಲಿ, ಮಹಿಳಾ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡೋಕೆ ಹೊರಟುಹೋದರು. ಮೊದಲ ಮಹಾಯುದ್ಧ ಸೋತ ಆ ಊರು ಆಗ ಪರದೇಶದ ಸೈನ್ಯಗಳ ಕೈಯಲ್ಲಿತ್ತು. ಒಂದು ವರ್ಷ ಅಲ್ಲಿದ್ದು ವಾಪಸ್ ಬಂದರು. ಈ ಸಲ, 1922ರಲ್ಲಿ, ಜನರಲ್ ಎಲೆಕ್ಟ್ರಿಕ್ ಅವರನ್ನ ಇಂಜಿನಿಯರ್ ಅಂತಲೇ ಕೆಲಸಕ್ಕೆ ತಗೊಂಡಿತು. ಅಮೆರಿಕದಲ್ಲಿ ಆ ಹೆಸರಿನಲ್ಲಿ ಉದ್ಯೋಗ ಪಡೆದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಇಂಜಿನಿಯರ್ ಅವರೇ ಅಂತ ಹೇಳ್ತಾರೆ. ಆಗ ಅವರಿಗೆ 39 ವರ್ಷ. ವಾಸರ್ ಡಿಗ್ರಿ ಮುಗಿದು 14 ವರ್ಷ ಆಗಿತ್ತು.

ಬೀಳುವ ಮೊದಲೇ ತಿಳಿಯೋದು

ಮುಂದಿನ 23 ವರ್ಷ ಅವರು ಅಲ್ಲೇ ಪವರ್ ಸಿಸ್ಟಮ್ ಲೆಕ್ಕಗಳಲ್ಲಿ ಮುಳುಗಿದರು. 1926ರ ಫೆಬ್ರವರಿಯಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಇಂಜಿನಿಯರ್‌ಗಳ ಸಂಸ್ಥೆಯಾದ ಎಐಇಇ ಮುಂದೆ ಪೇಪರ್ ಮಂಡಿಸಿದರು. ಆ ವೇದಿಕೆಯಲ್ಲಿ ಪೇಪರ್ ಓದಿದ ಮೊದಲ ಮಹಿಳೆ ಅವರು. ಎಐಇಇ ಮುಂದೆ ಇನ್ನೊಂದು ಸಂಸ್ಥೆ ಜೊತೆ ಸೇರಿ ಇವತ್ತಿನ ಐಇಇಇ ಆಯ್ತು. ನಮ್ಮ ಕಾಲೇಜಿನಲ್ಲೂ ಸ್ಟೂಡೆಂಟ್ ಬ್ರಾಂಚ್ ಇರೋ ಅದೇ ಐಇಇಇ.

ಪೇಪರ್‌ನ ವಿಷಯ ಟ್ರಾನ್ಸ್‌ಮಿಷನ್ ಸಿಸ್ಟಮ್‌ನ ಸ್ಥಿರತೆ. ಲೈನಿನ ಎರಡೂ ತುದಿಯ ವೋಲ್ಟೇಜ್‌ಗಳ ನಡುವೆ ಒಂದು ಕೋನ ಇರುತ್ತೆ. ಜಾಸ್ತಿ ಪವರ್ ಕಳಿಸ್ತಾ ಹೋದಂತೆ ಕೋನ ಹೆಚ್ಚಾಗುತ್ತೆ. ಲೆಕ್ಕವನ್ನ ಸರಳವಾಗಿ ಇಟ್ಟುಕೊಂಡ್ರೆ 90 ಡಿಗ್ರಿ ಹತ್ತಿರ ಪವರ್ ತುತ್ತತುದಿ ಮುಟ್ಟುತ್ತೆ. ಅದನ್ನ ದಾಟಿ ತಳ್ಳಿದ್ರೆ ಪವರ್ ಹೆಚ್ಚಾಗಲ್ಲ, ಮೆಷಿನ್‌ಗಳು ಹೆಜ್ಜೆ ತಪ್ಪುತ್ತವೆ, ಊರೂರೇ ಕತ್ತಲು. ಲೈನ್ ಉದ್ದ ಆದಷ್ಟೂ ಈ ಮಿತಿ ಕೆಳಗಿಳಿಯುತ್ತೆ. ಆ ಮಿತಿ ಎಲ್ಲಿದೆ ಅಂತ ಲೈನ್ ಕಟ್ಟೋಕೆ ಮುಂಚೆ, ಬೀಳೋಕೆ ಮುಂಚೆ, ಕಾಗದದ ಮೇಲೆ ಹೇಳೋದು ಅವರ ಕೆಲಸ ಆಗಿತ್ತು.

ಇಲ್ಲಿಗೆ ಬರೋ ಹೊತ್ತಿಗೆ ನಮಗೆ ಅವರ ದಾರಿ ಅರ್ಥ ಆಗತೊಡಗಿತು. ಟೆಲಿಫೋನ್ ಲೈನ್, ಟರ್ಬೈನ್, ಪವರ್ ಲೈನ್, ಎಲ್ಲ ಕಡೆ ಅವರು ಮಾಡಿದ್ದು ಒಂದೇ. ಆಗೋದನ್ನ ಮೊದಲೇ ತಿಳಿಯಬೇಕು ಅಂದ್ರೆ ಲೆಕ್ಕ ಬೇಗ ಮುಗೀಬೇಕು. ಲೆಕ್ಕ ತಡ ಆದ್ರೆ ಮುನ್ಸೂಚನೆಗೆ ಬೆಲೆ ಇಲ್ಲ. ವರ್ಷಗಟ್ಟಲೆ ತಾನೇ ಕಂಪ್ಯೂಟರ್ ಆಗಿದ್ದವರಿಗೆ ಉದ್ದದ ಲೆಕ್ಕದ ಬೆಲೆ ಏನು ಅಂತ ಬೆರಳ ತುದಿಗೇ ಗೊತ್ತಿತ್ತು.

ಮೂರು ಎರಡಾಗಿದ್ದು

ಈಗ ನಮ್ಮ ಮೂರು ಸಂಜೆ ತಿಂದ ಆಲ್ಫಾ-ಬೀಟಾಗೆ ಬರೋಣ. 1918ರಲ್ಲಿ ಚಾರ್ಲ್ಸ್ ಫೋರ್ಟೆಸ್ಕ್ಯೂ ಅನ್ನೋರು ಸಿಮೆಟ್ರಿಕಲ್ ಕಾಂಪೊನೆಂಟ್ಸ್ ವಿಧಾನ ಕೊಟ್ಟಿದ್ದರು. ಮೂರು ಫೇಸ್ ಸಮ ಇಲ್ಲದಿದ್ದಾಗ, ಉದಾಹರಣೆಗೆ ಒಂದು ಫೇಸ್ ನೆಲಕ್ಕೆ ತಾಗಿದಾಗ, ಅದನ್ನ ಸಮವಾದ ಮೂರು ಗುಂಪುಗಳಾಗಿ ಒಡೆದು ಬಿಡಿಸೋ ವಿಧಾನ ಅದು. ತುಂಬಾ ಶಕ್ತಿಶಾಲಿ. ಆದ್ರೆ ಅದರಲ್ಲಿ 120 ಡಿಗ್ರಿ ತಿರುಗಿಸೋ ಕಾಂಪ್ಲೆಕ್ಸ್ ಸಂಖ್ಯೆಗಳು ಪ್ರತಿ ಸಾಲಿನಲ್ಲೂ ಬರ್ತವೆ. ಎಡಿತ್ ಅದನ್ನ ಮಾರ್ಪಡಿಸಿ, ಸಾಮಾನ್ಯ ಸಂಖ್ಯೆಗಳಲ್ಲೇ ಮುಗಿಯೋ ಆಲ್ಫಾ, ಬೀಟಾ, ಝೀರೋ ಅಂತ ಮೂರು ಭಾಗ ಮಾಡಿದರು. 1938ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಪತ್ರಿಕೆಯಲ್ಲಿ ಇದನ್ನ ಬಿಡಿಸಿ ಬರೆದರು.

ಒಳಗಿನ ವಿಷಯ ಇಷ್ಟೇ. ನ್ಯೂಟ್ರಲ್ ವೈರ್ ಇಲ್ಲದ ತ್ರೀ ಫೇಸ್‌ನಲ್ಲಿ ಎ, ಬಿ, ಸಿ ಮೂರೂ ಕರೆಂಟ್ ಕೂಡಿದ್ರೆ ಸೊನ್ನೆ. ಅಂದ್ರೆ ಎರಡು ಗೊತ್ತಿದ್ರೆ ಮೂರನೆಯದು ತಾನಾಗೇ ಗೊತ್ತು. ಹಾಗಿದ್ಮೇಲೆ ಮೂರು ಸಮೀಕರಣ ಯಾಕೆ ಹೊರಬೇಕು? ಒಂದಕ್ಕೊಂದು ಲಂಬವಾಗಿರೋ ಎರಡು ಅಕ್ಷ ಸಾಕು. ಆಲ್ಫಾ ಅಕ್ಷವನ್ನ ಎ ಫೇಸ್ ಮೇಲೆ ಇಡಿ. ಎ ಕರೆಂಟಿನಿಂದ ಬಿಯ ಅರ್ಧ, ಸಿಯ ಅರ್ಧ ಕಳೆದು 2/3ರಿಂದ ಗುಣಿಸಿದ್ರೆ ಆಲ್ಫಾ. ಬಿಯಿಂದ ಸಿ ಕಳೆದು 3ರ ವರ್ಗಮೂಲದಿಂದ ಭಾಗಿಸಿದ್ರೆ ಬೀಟಾ.

ಒಂದು ಉದಾಹರಣೆ ಮಾಡಿ ನೋಡಿ. ಎ 10 ಆಂಪಿಯರ್, ಬಿ ಮತ್ತು ಸಿ ತಲಾ ಮೈನಸ್ 5. ಆಲ್ಫಾ 10 ಬರುತ್ತೆ, ಬೀಟಾ ಸೊನ್ನೆ. ಕಾಲು ಸುತ್ತು ಆದ ಮೇಲೆ ಎ ಸೊನ್ನೆ, ಬಿ 8.66, ಸಿ ಮೈನಸ್ 8.66. ಈಗ ಆಲ್ಫಾ ಸೊನ್ನೆ, ಬೀಟಾ 10. ಅಂದ್ರೆ 10 ಆಂಪಿಯರ್ ಉದ್ದದ ಒಂದು ಬಾಣ ಗಡಿಯಾರದ ಮುಳ್ಳಿನ ಥರ ತಿರುಗ್ತಾ ಇದೆ, ಅಷ್ಟೇ. ಸ್ಕೋಪ್‌ನಲ್ಲಿ ಹೆಣೆದುಕೊಂಡಿರೋ ಮೂರು ಸೈನ್ ಅಲೆಗಳು ಒಂದು ವೃತ್ತ ಆಗಿಬಿಡ್ತವೆ.

ಮೊದಮೊದಲು ಈ ವಿಧಾನ ಬಳಕೆಯಾಗಿದ್ದು ಲೈನಿನ ಫಾಲ್ಟ್ ಲೆಕ್ಕಗಳಿಗೆ, ಫೇಸರ್‌ಗಳ ಜೊತೆ. ಕ್ಷಣಕ್ಷಣದ ಕರೆಂಟ್, ವೋಲ್ಟೇಜ್‌ಗೂ ಇದನ್ನ ಹೇಗೆ ಬಳಸೋದು ಅಂತ 1951ರಲ್ಲಿ ಇನ್ನಿಬ್ಬರ ಜೊತೆ ಸೇರಿ ಎಐಇಇಗೆ ಒಂದು ಪೇಪರ್ ಬರೆದರು. ಆಗ ಅವರಿಗೆ 68. ಇನ್ವರ್ಟರ್ ಮಂದಿಗೆ ಬೇಕಾಗಿರೋದು ಇದೇ ಕ್ಷಣಕ್ಷಣದ ರೂಪ.

ಇನ್ವರ್ಟರ್ ಒಳಗೆ ಎಡಿತ್

ಸೀನಿಯರ್‌ಗಳ ಇನ್ವರ್ಟರ್‌ನಲ್ಲಿ ಮೂರು ಕಾಲು, ಕಾಲಿಗೆ ಎರಡು ಸ್ವಿಚ್. ಒಂದು ಕಾಲಿನಲ್ಲಿ ಮೇಲಿನದು ಆನ್ ಇದ್ರೆ ಕೆಳಗಿನದು ಆಫ್, ಇಲ್ಲದಿದ್ರೆ ಡಿಸಿ ಶಾರ್ಟ್ ಆಗಿ ಪಟ್ ಅನ್ನುತ್ತೆ. ಹೀಗೆ ಒಟ್ಟು 8 ರೀತಿ. ಅದರಲ್ಲಿ ಎರಡರಿಂದ ಬರೋ ವೋಲ್ಟೇಜ್ ಸೊನ್ನೆಯೇ, ಆದ್ದರಿಂದ ಬೇರೆ ಬೇರೆ ವೋಲ್ಟೇಜ್ 7. ಆಲ್ಫಾ-ಬೀಟಾ ಹಾಳೆಯ ಮೇಲೆ ಬರೆದ್ರೆ ಆರು ಷಟ್ಕೋನದ ಮೂಲೆಗಳು, ಏಳನೆಯದು ನಡುವಿನ ಚುಕ್ಕೆ. ಪ್ರಿಡಿಕ್ಟಿವ್ ಕಂಟ್ರೋಲ್ ಈ ಏಳನ್ನೂ ಒಂದೊಂದಾಗಿ ಕೇಳುತ್ತೆ. ಈಗಿನ ಕರೆಂಟ್ ಇಷ್ಟಿದೆ, ಈ ವೋಲ್ಟೇಜ್ ಹಾಕಿದ್ರೆ ಮುಂದಿನ ಹೆಜ್ಜೆಯಲ್ಲಿ ಎಷ್ಟಾಗುತ್ತೆ?

ಲೆಕ್ಕ ಪಿಯುಸಿ ಮಟ್ಟದ್ದೇ. ಡಿಸಿ 60 ವೋಲ್ಟ್ ಇದ್ರೆ ಷಟ್ಕೋನದ ಮೂಲೆ 40 ವೋಲ್ಟ್ ದೂರದಲ್ಲಿರುತ್ತೆ. ಇಂಡಕ್ಟರ್ 10 ಮಿಲಿಹೆನ್ರಿ, ಒಂದು ಹೆಜ್ಜೆ 100 ಮೈಕ್ರೋಸೆಕೆಂಡ್ ಅಂದ್ಕೊಳ್ಳಿ. ರೆಸಿಸ್ಟೆನ್ಸ್ ಮತ್ತು ಬ್ಯಾಕ್ ಇಎಂಎಫ್ ಬಿಟ್ಟರೆ ಒಂದು ಹೆಜ್ಜೆಯಲ್ಲಿ ಕರೆಂಟ್ 0.4 ಆಂಪಿಯರ್ ಬದಲಾಗುತ್ತೆ. ಬೇಕಾದ ಕರೆಂಟಿಗೂ ಊಹಿಸಿದ ಕರೆಂಟಿಗೂ ಆಲ್ಫಾದಲ್ಲಿ ಎಷ್ಟು ವ್ಯತ್ಯಾಸ, ಬೀಟಾದಲ್ಲಿ ಎಷ್ಟು ಅಂತ ಕೂಡಿಸಿ, ಯಾವುದರಲ್ಲಿ ಮೊತ್ತ ಕಡಿಮೆಯೋ ಆ ಸ್ವಿಚ್ ಹಾಕೋದು. ಸೆಕೆಂಡಿಗೆ 10,000 ಹೆಜ್ಜೆ, ಹೆಜ್ಜೆಗೆ 7 ಊಹೆ. ಸೆಕೆಂಡಿಗೆ 70,000 ಮುನ್ಸೂಚನೆ!

ಇದನ್ನ ಎ, ಬಿ, ಸಿಯಲ್ಲೇ ಮಾಡಬಹುದಲ್ಲ ಅಂತ ನಾವು ಕೇಳಿದ್ವಿ. ಮಾಡಬಹುದು. ಆದ್ರೆ ಲೋಡಿನ ನಡುಬಿಂದು ತೇಲ್ತಾ ಇರುತ್ತೆ, ಎ ಕಾಲಿನ ಸ್ವಿಚ್ ತಟ್ಟಿದ್ರೆ ಬಿ, ಸಿ ಕರೆಂಟೂ ಅಲುಗಾಡುತ್ತೆ. ಮೂರೂ ಸಮೀಕರಣ ಒಂದಕ್ಕೊಂದು ಕಾಲು ಸಿಕ್ಕಿಸ್ಕೊಂಡಿರ್ತವೆ. ಸಮವಾದ ಲೋಡ್ ಇದ್ದಾಗ ಆಲ್ಫಾ-ಬೀಟಾದಲ್ಲಿ ಆ ಗಂಟು ಬಿಚ್ಚಿಹೋಗುತ್ತೆ. ಆಲ್ಫಾ ಪಾಡಿಗೆ ಆಲ್ಫಾ, ಬೀಟಾ ಪಾಡಿಗೆ ಬೀಟಾ. 100 ಮೈಕ್ರೋಸೆಕೆಂಡ್ ಒಳಗೆ ಎಲ್ಲ ಮುಗೀಬೇಕಾದ ಪ್ರೊಸೆಸರ್‌ಗೆ ಇದು ದೊಡ್ಡ ಉಪಕಾರ.

ಒಂದು ಮಾತು ಸ್ಪಷ್ಟ ಮಾಡಬೇಕು. ಪ್ರಿಡಿಕ್ಟಿವ್ ಕಂಟ್ರೋಲ್ ಕಂಡುಹಿಡಿದದ್ದು ಎಡಿತ್ ಅಲ್ಲ. ಅದು ದೊಡ್ಡದಾಗಿ ಬೆಳೆದದ್ದು 1970ರ ದಶಕದಲ್ಲಿ, ಎಣ್ಣೆ ಸಂಸ್ಕರಣೆಯಂಥ ನಿಧಾನದ ಕೆಲಸಗಳಿಗೆ. ಪ್ರೊಸೆಸರ್‌ಗಳು ವೇಗವಾದ ಮೇಲೆ ಇನ್ವರ್ಟರ್‌ಗೂ ಬಂತು. ನಾವು ಬಳಸಿದ ಈ ಏಳು ಊಹೆಯ ವಿಧಾನ ಜನಪ್ರಿಯ ಆಗಿದ್ದು ಚಿಲಿ ದೇಶದ ಹೊಸೆ ರೋಡ್ರಿಗಸ್ ಮತ್ತು ಅವರ ತಂಡದ 2007ರ ಪೇಪರ್‌ನಿಂದ. ಆದ್ರೆ ಆ ಊಹೆಗಳೆಲ್ಲ ನಡೆಯೋ ಹಾಳೆ ಎಡಿತ್ ಹಾಸಿಕೊಟ್ಟಿದ್ದು.

ಕೊನೆಯ ವರ್ಷಗಳು

1943ರಲ್ಲಿ ಅವರ ಪವರ್ ಸಿಸ್ಟಮ್ ಪುಸ್ತಕದ ಮೊದಲ ಸಂಪುಟ ಬಂತು. ಕಂಪನಿಯ ಇಂಜಿನಿಯರ್‌ಗಳಿಗೆ ಅವರು ಪಾಠ ಮಾಡ್ತಿದ್ದ ಟಿಪ್ಪಣಿಗಳೇ ಅದಕ್ಕೆ ಆಧಾರ. ಒಂದು ಕಾಲದಲ್ಲಿ ಇಂಜಿನಿಯರ್ ಅಂತ ಕರೆಯದ ಕಂಪನಿಯಲ್ಲೇ ಇಂಜಿನಿಯರ್‌ಗಳಿಗೆ ಮೇಷ್ಟ್ರಾದರು. ಎರಡನೇ ಸಂಪುಟ 1950ರಲ್ಲಿ ಬಂತು.

1945ರಲ್ಲಿ ರಿಟೈರ್ ಆಗಿ ಮೇರಿಲ್ಯಾಂಡ್‌ನಲ್ಲಿ ಒಂದು ಹೊಲ ತಗೊಂಡು ಅಲ್ಲಿಗೆ ಹೋದರು. ಆದ್ರೆ ಹೊಲದಲ್ಲಿ ಬಹಳ ದಿನ ಕೂರಲಿಲ್ಲ. 1947ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿಗೆ ಪಾಠ ಮಾಡೋಕೆ ಹೋಗಿ, ಅಮೆರಿಕದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಆದರು. 1948ರಲ್ಲಿ ಎಐಇಇಯ ಮೊದಲ ಮಹಿಳಾ ಫೆಲೋ. 1957ರವರೆಗೆ, 74 ವರ್ಷ ಆಗೋ ತನಕ, ಪಾಠ ಮಾಡಿದರು. 1959ರ ಅಕ್ಟೋಬರ್ 29ರಂದು ಮೇರಿಲ್ಯಾಂಡ್‌ನಲ್ಲೇ ತೀರಿಕೊಂಡರು. ಟ್ರಾನ್ಸಿಸ್ಟರ್ ಬಂದಿತ್ತು, ಆದ್ರೆ ಮೋಟಾರ್ ಓಡಿಸೋ ಟ್ರಾನ್ಸಿಸ್ಟರ್ ಇನ್ವರ್ಟರ್ ಎಲ್ಲ ಕಡೆ ಹರಡಿದ್ದನ್ನ ಅವರು ಕಾಣಲಿಲ್ಲ. ಇವತ್ತು ಎಲೆಕ್ಟ್ರಿಕ್ ಗಾಡಿ, ಸೋಲಾರ್, ಲಿಫ್ಟ್, ಮೆಟ್ರೋ ಎಲ್ಲ ಕಡೆ ಡ್ರೈವ್‌ಗಳ ಒಳಗೆ ಅವರ ಹೆಸರಿನ ಲೆಕ್ಕ ಓಡ್ತಾ ಇದೆ.

ನಮ್ಮ ಲ್ಯಾಬ್‌ಗೆ ವಾಪಸ್

ಇದೆಲ್ಲ ಓದಿ ಮುಗಿಸಿದ ದಿನ ನಮ್ಮಲ್ಲೇ ಒಬ್ಬಳು ಒಂದು ವಿಷಯ ಎತ್ತಿದಳು. ಮೆಷಿನ್ಸ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್ ಹೇಗೆ ಕೆಲಸ ಹಂಚ್ಕೊಳ್ಳುತ್ತೆ ಅಂತ ನೆನಪಿಸಿದಳು. ಹುಡುಗರು ಕನೆಕ್ಷನ್ ಕೊಡ್ತಾರೆ, ಸ್ವಿಚ್ ಹಾಕ್ತಾರೆ. ಹುಡುಗಿಯರು ರೀಡಿಂಗ್ ಬರ್ಕೊಳ್ತಾರೆ, ಕ್ಯಾಲ್ಕುಲೇಶನ್ ಮಾಡ್ತಾರೆ, ಗ್ರಾಫ್ ಹಾಕ್ತಾರೆ. ಹೀಗೇ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಮೊದಲ ಸೆಮ್‌ನಿಂದ ಹಾಗೇ ನಡ್ಕೊಂಡು ಬಂದಿತ್ತು, ಅಕ್ಷರ ಚೆನ್ನಾಗಿದೆ ಅನ್ನೋ ನೆಪದಲ್ಲಿ. ಮೂರು ಸೆಮಿಸ್ಟರ್ ಕಳೆದ್ರೂ ಅವಳು ಒಂದು ಸಲವೂ ಆಟೋಟ್ರಾನ್ಸ್‌ಫಾರ್ಮರ್ ತಿರುಗಿಸಿರಲಿಲ್ಲ. ಉಳಿದವರಿಗೆ ಮಾತೇ ಹೊರಡಲಿಲ್ಲ. ನೂರು ವರ್ಷದ ಹಿಂದಿನ ಕಂಪನಿಯನ್ನ ಅಷ್ಟು ಹೊತ್ತು ಬೈದಿದ್ವಿ. ನಾವೂ ನಮ್ಮ ಟೇಬಲ್ ಮೇಲೆ ಕಂಪ್ಯೂಟರ್‌ಗಳನ್ನ ಇಟ್ಕೊಂಡಿದ್ವಿ.

ಆಮೇಲಿನ ವಾರದಿಂದ ಪಾಳಿ ಮಾಡಿದ್ವಿ. ಪ್ರತಿ ಪ್ರಯೋಗಕ್ಕೆ ಕನೆಕ್ಷನ್ ಕೊಡೋರು ಬೇರೆ, ಬರೆಯೋರು ಬೇರೆ. ಮೊದಲ ದಿನ ಅವಳು ಆಮ್ಮೀಟರ್ ಪೋಲಾರಿಟಿ ಉಲ್ಟಾ ಕೊಟ್ಟಳು, ನಮ್ಮ ಗ್ರಾಫ್ ನೋಡಿ ಮೇಡಂ ತಲೆ ಚಚ್ಕೊಂಡರು. ಎರಡೂ ಈಗ ಸುಧಾರಿಸಿವೆ. ಸೀನಿಯರ್‌ಗಳ ಇನ್ವರ್ಟರ್‌ನಲ್ಲಿ 2/3 ಎರಡೂ ಕಡೆ ಹಾಕಿದ ಮೇಲೆ 5 ಕೇಳಿದ್ರೆ 5 ಬರ್ತಿದೆ. ಫಂಕ್ಷನ್‌ನ ಮೇಲೆ ಯಾವ ಪದ್ಧತಿ ಬಳಸಿದ್ದೀವಿ ಅಂತ ಒಂದು ಸಾಲು ಕಾಮೆಂಟ್ ಬರೆದು, ಅದರ ಕೆಳಗೆ ಎಡಿತ್ ಕ್ಲಾರ್ಕ್, 1883-1959 ಅಂತ ಸೇರಿಸಿದ್ದೀವಿ.

ಪೋಸ್ಟರ್ ಕೂಡ ಹೊಸದಾಗಿ ಬರೆದು ಲ್ಯಾಬ್ ಬಾಗಿಲ ಪಕ್ಕ ಹಾಕಿದ್ದೀವಿ. ವಾಕ್ಯ ಹಳೆಯದೇ, ಬದಲಾಯಿಸೋ ಅಗತ್ಯ ಬರಲಿಲ್ಲ. ಚಿತ್ರ ಮಾತ್ರ ಬೇರೆ. ಆ ಕಡೆ ಬಂದಾಗ ಒಮ್ಮೆ ನೋಡಿ.